ಟೊಳ್ಳಿನ ದನಿ

ಟೊಳ್ಳು ಎಂಬುದು ನಮ್ಮ ಮಾತಿನಲ್ಲಿ ನಿಂದೆಯ ಪದ; ವಾದ್ಯಗಳ ಲೋಕದಲ್ಲಿ ಮಾತ್ರ ಅದೇ ಬಂಡವಾಳ. ಮಧುಗಿರಿ, ಕೊರಟಗೆರೆಗಳ ಕಡೆ ತತ್ವಪದ ಹಾಡುವವರ ಏಕತಾರಿಯನ್ನು ಕೇಳಿದವರಿಗೆ ಇದು ಗೊತ್ತು. ಒಂಟಿ ತಂತಿ ತಾನಾಗಿ ಅಲುಗಿಸುವ ಗಾಳಿ ಅತ್ಯಲ್ಪ. ಬುರುಡೆಯೂ ಕಂಪಿಸಿದಾಗಲೇ ಅದು ನಾದವಾಗುತ್ತದೆ.

ಗಿಟಾರಿನದೂ ಇದೇ ಧರ್ಮ. ಆದರೆ ಮೇಳದ ತುತ್ತೂರಿಗಳ ನಡುವೆ ಅದರ ದನಿ ಅಡಗಿಹೋಗುತ್ತಿತ್ತು. ಅಮೆರಿಕದ ಗಿಬ್ಸನ್ ಸಂಸ್ಥೆ 1936ರಲ್ಲಿ ಹೊರತಂದ ಟೊಳ್ಳು ಒಡಲಿನ ಗಿಟಾರಿನಲ್ಲಿ, ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ತಾಮ್ರದ ಸುರುಳಿಯೂ ಇದ್ದವು. ತಂತಿಯ ಕಂಪನ ವಿದ್ಯುತ್ತಾಗಿ ಧ್ವನಿವರ್ಧಕವನ್ನು ಸೇರಿತು. 1942ರಲ್ಲಿ, ಕೇವಲ 25ರ ಹರೆಯದಲ್ಲಿ ತೀರಿಕೊಂಡ ಚಾರ್ಲಿ ಕ್ರಿಶ್ಚಿಯನ್ ಇದನ್ನೇ ನುಡಿಸಿ ಜಾಸ್ ಮೇಳದ ಮುಂದಿನ ಸಾಲಿಗೆ ಗಿಟಾರನ್ನು ತಂದರು.

ದೋಷವೂ ಇತ್ತು. ಧ್ವನಿವರ್ಧಕದ ಸದ್ದು ಒಡಲನ್ನು ನಡುಗಿಸಿ, ಒಡಲು ತಂತಿಯನ್ನು ನಡುಗಿಸಿ, ವಾದ್ಯ ಊಳಿಡುತ್ತಿತ್ತು. 1958ರಲ್ಲಿ ಅದೇ ಸಂಸ್ಥೆ ನಡುವೆ ಗಟ್ಟಿಮರದ ದಿಮ್ಮಿಯಿಟ್ಟು, ಪಕ್ಕಗಳನ್ನು ಮಾತ್ರ ಟೊಳ್ಳಾಗಿ ಉಳಿಸಿತು. ಪೂರ್ತಿ ಗಟ್ಟಿಯಾದ ಗಿಟಾರಿನಲ್ಲಿ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ. ಟೊಳ್ಳಿನದರಲ್ಲಿ ಬೇಗ ಕರಗುತ್ತದೆ, ಆದರೆ ಮರದ ಉಸಿರು ಬೆರೆತಿರುತ್ತದೆ. ರಸಿಕರು ಹಳೆಯ ಗಿಟಾರುಗಳನ್ನು ಅರಸುವುದು ಆ ಉಸಿರಿಗಾಗಿ.

ಕೊರಟಗೆರೆ ಸೀಮೆಯ ಜಾತ್ರೆಯೊಂದರಲ್ಲಿ ಮೈಕು ಊಳಿಟ್ಟಾಗ, ಏಕತಾರಿಯನ್ನು ಬದಿಗಿಡಿರೆಂದು ಹಾಡುತ್ತಿದ್ದ ಹಿರಿಯರಿಗೆ ಹೇಳಿದವನು ನಾನೇ. ಅವರು ಮರುಮಾತಾಡದೆ ಇಟ್ಟರು. ಪದ ಎಲ್ಲರಿಗೂ ಕೇಳಿಸಿತು. ಶ್ರುತಿ ಮಾತ್ರ ಇರಲಿಲ್ಲ. ಧ್ವನಿವರ್ಧಕವನ್ನು ತುಸು ಅತ್ತ ತಿರುಗಿಸಿದ್ದರೆ ಸಾಕಿತ್ತು.