ಬೀಳುವ ಮುನ್ನವೇ ಮಾತಾಡುವ ಪೆಟ್ಟಿಗೆ

ಸೆಕೆಂಡಿಗೆ ಬರೀ ಒಂದೂವರೆ ಕಿಲೋಬೈಟ್! ಮುನ್ನೂರು ಜನರನ್ನು ಹೊತ್ತು ಸಾಗರ ದಾಟುವ ವಿಮಾನದ ವೇಗ, ಎತ್ತರ, ಎಂಜಿನ್‌ಗಳ ಬಿಸಿ, ರೆಕ್ಕೆಯಂಚಿನ ಫಲಕಗಳ ಚಲನೆ, ಪೈಲಟ್ ತುಳಿದ ಪೆಡಲ್, ತಿರುಗಿಸಿದ ಸ್ವಿಚ್ಚು... ಇಷ್ಟನ್ನೂ ಬರೆದಿಡಲು ಇಂದಿನ ಹಲವು ಫ್ಲೈಟ್ ಡೇಟಾ ರೆಕಾರ್ಡರ್‌ಗಳಿಗೆ ಸಾಕಾಗುವುದು ಇಷ್ಟೇ ಇಷ್ಟು. ಸೆಕೆಂಡಿಗೆ 1,024 ಅಳತೆಗಳು, ಒಂದೊಂದಕ್ಕೂ 12 ಬಿಟ್. ಗುಣಿಸುತ್ತಾ ಹೋಗಿ. 25 ಗಂಟೆಗಳ ಹಾರಾಟದ ಪೂರ್ತಿ ಕಥೆ ಸುಮಾರು 138 ಎಂಬಿಯಲ್ಲಿ ಮುಗಿಯುತ್ತದೆ. ಮದುವೆಮನೆಯಲ್ಲಿ ಧಾರೆಯ ಹೊತ್ತಿಗೆ ಮೊಬೈಲಿನಲ್ಲಿ ಹಿಡಿದ ಮೂರು ನಿಮಿಷದ ವಿಡಿಯೊ ಇದಕ್ಕಿಂತ ದೊಡ್ಡದಿರುತ್ತದೆ!

ಇಷ್ಟು ಪುಟ್ಟ ಕಥೆಗಾಗಿ ಮನುಷ್ಯ ಎರಡು ವರ್ಷ ಅಟ್ಲಾಂಟಿಕ್ ಸಾಗರದ ತಳವನ್ನು ಜಾಲಾಡಿದ್ದಾನೆ. ರಿಯೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನ 2009ರ ಜೂನ್ 1ರಂದು 228 ಜನರೊಂದಿಗೆ ಮುಳುಗಿತು. ರೆಕಾರ್ಡರಿನ ಪೆಟ್ಟಿಗೆಗೆ ಅಂಟಿಕೊಂಡು 37.5 ಕಿಲೋಹರ್ಟ್ಸ್‌ನಲ್ಲಿ ಕೂಗುವ ಬೀಕನ್‌ನ ಬ್ಯಾಟರಿಗೆ ಆಗ ಇದ್ದ ಆಯಸ್ಸು 30 ದಿನ. ಆ ಕೂಗು ಯಾರ ಕಿವಿಗೂ ಬೀಳಲಿಲ್ಲ. 2011ರ ಮೇ ತಿಂಗಳಲ್ಲಿ ಸುಮಾರು 3,900 ಮೀಟರ್ ಆಳದಿಂದ ರೋಬಾಟ್ ಒಂದು ಪೆಟ್ಟಿಗೆಗಳನ್ನು ಎತ್ತಿ ತಂದಿತು. ಸಮುದ್ರದಿಂದ ತೆಗೆದ ರೆಕಾರ್ಡರನ್ನು ಯಾರೂ ಒರೆಸಿ ಒಣಗಿಸುವುದಿಲ್ಲ, ಗೊತ್ತೇ? ಗಾಳಿ ತಾಗಿದ ಉಪ್ಪು ತುಕ್ಕು ಹಿಡಿಸುತ್ತದೆ. ಅದಕ್ಕೇ ಅದನ್ನು ಸಿಹಿನೀರಿನಲ್ಲಿ ಮುಳುಗಿಸಿಯೇ ಪ್ರಯೋಗಾಲಯಕ್ಕೆ ಸಾಗಿಸುತ್ತಾರೆ. ಅಲ್ಲಿ ಚಿಪ್‌ಗಳ ಹಲಗೆಯನ್ನು ನಾಜೂಕಾಗಿ ತೊಳೆದು, ಒಣಗಿಸಿ, ಒಂದೊಂದೇ ಸಂಪರ್ಕವನ್ನು ಪರೀಕ್ಷಿಸಿ, ಆಮೇಲಷ್ಟೇ ವಿದ್ಯುತ್ ಹಾಯಿಸುವುದು. 23 ತಿಂಗಳು ಕತ್ತಲಲ್ಲಿ, ಆ ಭಯಂಕರ ಒತ್ತಡದಲ್ಲಿ ಬಿದ್ದಿದ್ದ ಚಿಪ್‌ಗಳು ಎಲ್ಲವನ್ನೂ ಹೇಳಿಬಿಟ್ಟವು!

ನನ್ನನ್ನು ಬೆರಗುಗೊಳಿಸುವುದು ಅದಕ್ಕಿಂತ ಇನ್ನೊಂದು ಸಂಗತಿ. ಆ ವಿಮಾನ ಬೀಳುತ್ತಿರುವಾಗಲೇ ಮಾತಾಡಿತ್ತು. ಆಟೊಪೈಲಟ್ ಕಳಚಿಕೊಂಡದ್ದರಿಂದ ನೀರಿಗೆ ಅಪ್ಪಳಿಸುವವರೆಗೆ ಇದ್ದದ್ದು 4 ನಿಮಿಷ 23 ಸೆಕೆಂಡು. ಅಷ್ಟರೊಳಗೆ ಉಪಗ್ರಹದ ಮೂಲಕ 24 ಪುಟ್ಟ ಸಂದೇಶಗಳು ತಾವಾಗಿಯೇ ಹೊರಟು ಪ್ಯಾರಿಸ್‌ನ ನಿರ್ವಹಣಾ ಕಂಪ್ಯೂಟರಿಗೆ ತಲುಪಿದ್ದವು. ವೇಗದ ಅಳತೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬ ಸುಳಿವು ಕೆಲವೇ ದಿನಗಳಲ್ಲಿ ಸಿಕ್ಕಿದ್ದು ಹಾಗೆ. ಈಗ ಆ ಒಂದೂವರೆ ಕಿಲೋಬೈಟ್ ಲೆಕ್ಕ ಹಿಡಿದು ನೋಡಿ. ಆ 4 ನಿಮಿಷ 23 ಸೆಕೆಂಡಿನ ಸಮಗ್ರ ದಾಖಲೆ ನಾನೂರು ಕಿಲೋಬೈಟ್ ಆಸುಪಾಸು. ನಾನೂರು! ಅಷ್ಟು ಮೇಲಕ್ಕೆ ಹಾರಿಬಂದಿದ್ದರೆ ಸಾಗರದ ತಳಕ್ಕೆ ಹೋಗುವ ಮೊದಲೇ ಉತ್ತರ ಕೈಯಲ್ಲಿರುತ್ತಿತ್ತು.

ಈ ಪೆಟ್ಟಿಗೆಯ ಹುಟ್ಟಿಗೂ ಸಮುದ್ರದ ನಂಟಿದೆ. 1934ರಲ್ಲಿ ಆಸ್ಟ್ರೇಲಿಯಾದ ಬಾಸ್ ಜಲಸಂಧಿಯ ಮೇಲೆ ಮಿಸ್ ಹೋಬಾರ್ಟ್ ಎಂಬ ವಿಮಾನ ಕಾಣೆಯಾಯಿತು. ಅದರಲ್ಲಿ ತಂದೆಯನ್ನು ಕಳೆದುಕೊಂಡ ಒಂಬತ್ತು ವರ್ಷದ ಹುಡುಗ ಡೇವಿಡ್ ವಾರೆನ್. ತಂದೆಯ ಕೊನೆಯ ಉಡುಗೊರೆ ಒಂದು ಕ್ರಿಸ್ಟಲ್ ರೇಡಿಯೊ ಸೆಟ್ಟು. ಇಪ್ಪತ್ತು ವರ್ಷಗಳ ನಂತರ, ಕಾಮೆಟ್ ಜೆಟ್‌ಗಳು ಆಕಾಶದಲ್ಲೇ ಒಡೆದು ಉದುರುತ್ತಿದ್ದಾಗ, ಮೆಲ್ಬರ್ನ್‌ನ ಪ್ರಯೋಗಾಲಯದಲ್ಲಿದ್ದ ಅದೇ ವಾರೆನ್‌ಗೆ ಕಾಕ್‌ಪಿಟ್‌ನ ಧ್ವನಿಯನ್ನು ಉಳಿಸಿಡುವ ಯೋಚನೆ ಹೊಳೆಯಿತು. ಮೊದಲ ಮಾದರಿ ಉಕ್ಕಿನ ತಂತಿಯ ಮೇಲೆ ನಾಲ್ಕು ಗಂಟೆಯ ಧ್ವನಿಯನ್ನೂ ಎಂಟು ಉಪಕರಣಗಳ ಅಳತೆಯನ್ನೂ ಹಿಡಿದಿಟ್ಟಿತು.

ಅಲ್ಲಿಂದ ಎಲ್ಲಿಗೆ ಬಂದಿದ್ದೇವೆ! ಇಂದಿನ ಕಿತ್ತಳೆ ಬಣ್ಣದ ಪೆಟ್ಟಿಗೆ ಗುರುತ್ವದ 3,400 ಪಟ್ಟು ಆಘಾತವನ್ನು ತಡೆಯಬೇಕು. 1,100 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಒಂದು ಗಂಟೆ, 260 ಡಿಗ್ರಿಯಲ್ಲಿ ಹತ್ತು ಗಂಟೆ ಬದುಕಬೇಕು. ಆರು ಸಾವಿರ ಮೀಟರ್ ಆಳದ ಒತ್ತಡಕ್ಕೂ ಜಗ್ಗಬಾರದು. ಏರ್ ಇಂಡಿಯಾದ ಕನಿಷ್ಕ ವಿಮಾನದ ದುರಂತದಲ್ಲಿ, 1985ರಲ್ಲಿ, ಐರ್ಲೆಂಡ್ ಬಳಿ ಸುಮಾರು ಎರಡು ಸಾವಿರ ಮೀಟರ್ ಆಳದಿಂದ ಅಳತೆಯ, ಧ್ವನಿಯ ಎರಡೂ ರೆಕಾರ್ಡರ್‌ಗಳನ್ನು ಮೂರು ವಾರಗಳೊಳಗೆ ತೆಗೆದರು.

ಆದರೆ ಎಷ್ಟೇ ಗಟ್ಟಿಯಾದರೂ ವಿದ್ಯುತ್ ನಿಂತರೆ ಪೆಟ್ಟಿಗೆ ಮೂಕ. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುಆನ್‌ನಲ್ಲಿ ಜೇಜು ಏರ್ ವಿಮಾನ ಕಾಂಕ್ರೀಟ್ ದಿಬ್ಬಕ್ಕೆ ಬಡಿಯುವ ಸುಮಾರು ನಾಲ್ಕು ನಿಮಿಷ ಮೊದಲೇ ಎರಡೂ ರೆಕಾರ್ಡರ್‌ಗಳು ನಿಂತುಹೋಗಿದ್ದವು. ಎಲ್ಲಕ್ಕಿಂತ ಬೇಕಾದ ನಾಲ್ಕು ನಿಮಿಷ! ಅದೇ ವರ್ಷದ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ ವಿಮಾನದ ಬಾಗಿಲ ಫಲಕ ಕಿತ್ತುಹೋದಾಗ, ಎರಡೇ ಗಂಟೆಯ ಧ್ವನಿ ಮುದ್ರಿಕೆ ತನ್ನ ಮೇಲೆ ತಾನೇ ಬರೆದುಕೊಂಡು ಹಳೆಯದನ್ನು ಅಳಿಸಿತ್ತು. ಹೊಸ ದೊಡ್ಡ ವಿಮಾನಗಳಿಗೆ 25 ಗಂಟೆಯ ಧ್ವನಿ ದಾಖಲೆ ಬೇಕೆಂಬ ನಿಯಮದ ಬೆಲೆ ಇಲ್ಲಿ ಕಾಣುತ್ತದೆ. ಬೋಯಿಂಗ್ 787ರಲ್ಲಿ ಅಳತೆ, ಧ್ವನಿ ಎರಡನ್ನೂ ಹಿಡಿಯುವ ಪೆಟ್ಟಿಗೆಗಳು ಎರಡಿವೆ: ಒಂದು ಮುಂದೆ, ಒಂದು ಬಾಲದಲ್ಲಿ. ಮುಂದಿನದಕ್ಕೆ ಸ್ವಂತ ಬ್ಯಾಟರಿಯೂ ಉಂಟು. 2025ರ ಜೂನ್‌ನಲ್ಲಿ ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ 171 ಬಿದ್ದಾಗ, ಬಾಲದ ಪೆಟ್ಟಿಗೆ ಮಾಮೂಲಿ ವಿಧಾನದಲ್ಲಿ ಓದಲಾಗದಷ್ಟು ಹಾಳಾಗಿತ್ತು. ಮುಂದಿನದು ಸುಮಾರು 49 ಗಂಟೆಗಳ ಹಾರಾಟದ ಅಳತೆಗಳನ್ನೂ ಎರಡು ಗಂಟೆಯ ಧ್ವನಿಯನ್ನೂ ಕೊಟ್ಟಿತು. ಅದನ್ನು ತೆರೆದದ್ದು ದೆಹಲಿಯಲ್ಲಿ, ನಮ್ಮ ಬೆಂಗಳೂರಿನ ಎಚ್‌ಎಎಲ್ ನೆರವಿನಿಂದ ದುರಂತಕ್ಕೆ ಎರಡು ತಿಂಗಳ ಮೊದಲಷ್ಟೇ ಸಜ್ಜಾಗಿದ್ದ ಪ್ರಯೋಗಾಲಯದಲ್ಲಿ!

ಇನ್ನು ಮುಂದೆ ಬರುವುದು ಇನ್ನೂ ಸೋಜಿಗ. 239 ಜನರೊಂದಿಗೆ ಎಂಎಚ್370 ವಿಮಾನ ಮಾಯವಾದ ಮೇಲೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪಟ್ಟು ಹಿಡಿಯಿತು. ಸಾಮಾನ್ಯ ಹಾರಾಟದಲ್ಲಿ 15 ನಿಮಿಷಕ್ಕೊಮ್ಮೆ, ಸಂಕಟದಲ್ಲಿ ನಿಮಿಷಕ್ಕೊಮ್ಮೆ ವಿಮಾನ ತನ್ನ ಜಾಗ ಹೇಳಬೇಕು. ನಿಮಿಷಕ್ಕೊಮ್ಮೆ ಹೇಳಿದರೆ ಬಿದ್ದ ಜಾಗ ಆರು ನಾಟಿಕಲ್ ಮೈಲು, ಅಂದರೆ ಹನ್ನೊಂದು ಕಿಲೋಮೀಟರ್ ತ್ರಿಜ್ಯದೊಳಗೆ ಸಿಗುತ್ತದೆ. ಹೊಸ ವಿಮಾನಗಳ ಸಂಕಟಸೂಚಕ ವಿಪರೀತ ವಾಲಿಕೆಯನ್ನೋ ವೇಗವನ್ನೋ ಕಂಡ ಕೂಡಲೇ ತಾನಾಗಿ ಎಚ್ಚೆತ್ತು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಗಳಿಗೆ ಕೂಗಿಕೊಳ್ಳುತ್ತದೆ. ಅಪ್ಪಳಿಸಿದ ಮೇಲಲ್ಲ, ಇನ್ನೂ ಗಾಳಿಯಲ್ಲಿರುವಾಗಲೇ! 2021ರಿಂದ ಈಚೆಗೆ ಮಾನ್ಯತೆಗೆ ಅರ್ಜಿ ಹಾಕುವ ದೊಡ್ಡ ವಿಮಾನಗಳ ವಿನ್ಯಾಸಕ್ಕೆ ಮತ್ತೊಂದು ಕಟ್ಟಳೆ: ದಾಖಲೆ ತಡವಿಲ್ಲದೆ ಕೈಸೇರುವ ದಾರಿ ಇರಲೇಬೇಕು. ಆ ದಾರಿ ವಿಮಾನದಿಂದ ಕಳಚಿ ಹಾರಿ ನೀರಲ್ಲಿ ತೇಲುವ ರೆಕಾರ್ಡರ್ ಆಗಬಹುದು, ಅಥವಾ ಸಂಕಟದ ಮೊದಲ ಸುಳಿವಿಗೇ ದಾಖಲೆಯನ್ನು ಉಪಗ್ರಹಕ್ಕೆ ಸುರಿಯುವ ವ್ಯವಸ್ಥೆ ಆಗಬಹುದು.

ನನ್ನ ಒಲವು ಎರಡನೆಯದರ ಕಡೆಗೆ. ಪಲ್ಟಿ ಹೊಡೆಯುವ ವಿಮಾನದ ಆಂಟೆನಾ ಉಪಗ್ರಹವನ್ನು ಕಳೆದುಕೊಳ್ಳುತ್ತದೆ ಎನ್ನುವವರ ಮಾತು ನಿಜ. ಹಾಗಾಗಿ ಕಿತ್ತಳೆ ಪೆಟ್ಟಿಗೆ ಜೊತೆಗಿರಲೇಬೇಕು. ಪೈಲಟ್‌ಗಳ ಅಳುಕೂ ನ್ಯಾಯವಾದದ್ದು. ತಮ್ಮ ಕೊನೆಯ ಮಾತು ಯಾವುದೋ ಸರ್ವರಿನಲ್ಲಿ ಕೂತು ನಾಳೆ ಟಿವಿಯಲ್ಲಿ ಮೊಳಗುವುದನ್ನು ಯಾರು ಒಪ್ಪುತ್ತಾರೆ? ಅಳತೆಗಳು ಆಕಾಶಕ್ಕೆ ಹೋಗಲಿ, ಈಗಲೇ ಹೋಗಲಿ. ಧ್ವನಿ ಮಾತ್ರ ತನಿಖಾಧಿಕಾರಿಗಳು ತೆರೆಯುವವರೆಗೆ ಪೆಟ್ಟಿಗೆಯೊಳಗೇ ಇರಲಿ.