ಬಚ್ಚಲು ಗುಳುಗುಳು ಎಂದಾಗ

ಕೆ.ಆರ್.ಎಸ್. ತುಂಬಿದರೆ ನಮ್ಮೂರಿಗೆ ಹಬ್ಬ. ನೀರಿನ ಮಟ್ಟ 124.80 ಅಡಿ ಮುಟ್ಟಿತೆಂದು ಪೇಪರಿನಲ್ಲಿ ಓದುತ್ತಾ ಕಾಫಿ ಹೀರುತ್ತಿದ್ದೆ. ಒಳಗಿನಿಂದ ಮೊಮ್ಮಗಳು ಕೂಗಿದಳು: ‘ತಾತಾ, ನಮ್ಮ ಬಚ್ಚಲೂ ತುಂಬಿದೆ!’

ನಿಜ ಹೇಳಬೇಕೆಂದರೆ, ಹದಿನೈದು ದಿನದಿಂದ ಮನೆ ನೋಟಿಸು ಕೊಡುತ್ತಲೇ ಇತ್ತು. ಕಮೋಡಿಗೆ ನೀರು ಬಿಟ್ಟರೆ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು. ವಾಷಿಂಗ್ ಮೆಷಿನ್ನಿನ ನೀರು ಹೋದರೆ ಅಲ್ಲೇ ನೊರೆ. ಹಿತ್ತಲಲ್ಲಿ ಟ್ಯಾಂಕಿನ ಸುತ್ತ ಮಾತ್ರ ಹುಲ್ಲು ಕಡುಹಸಿರು. ಬ್ಯಾಂಕಿನಲ್ಲಿ ಹತ್ತು ಪೈಸೆ ವ್ಯತ್ಯಾಸಕ್ಕೆ ರಾತ್ರಿಯವರೆಗೆ ಕೂತು ಹುಡುಕುತ್ತಿದ್ದ ನಾನು ಇದಕ್ಕೆ ಆ್ಯಸಿಡ್ ಸುರಿದು ಸುಮ್ಮನಾಗಿದ್ದೆ. ಅದೂ ತಪ್ಪೇ. ಟ್ಯಾಂಕಿನಲ್ಲಿ ಮಲವನ್ನು ಕೊಳೆಸಿ ಕರಗಿಸುವ ಸೂಕ್ಷ್ಮಜೀವಿಗಳು ಆ್ಯಸಿಡ್ಡಿಗೆ ಸಾಯುತ್ತವೆ.

ಸಿಂಕು ಒಂದೇ ಕಟ್ಟಿದರೆ ತಪ್ಪು ಆ ಸಿಂಕಿನ ಪೈಪಿನದು. ಎಲ್ಲವೂ ಒಟ್ಟಿಗೆ ನಿಧಾನವಾದರೆ ಮುಖ್ಯ ಕೊಳವೆಯದು, ಇಲ್ಲವೇ ಟ್ಯಾಂಕಿನದು. ಮೊದಲು ನಲ್ಲಿ ನಿಲ್ಲಿಸಿ, ಅಂಗಳದ ಚೇಂಬರುಗಳ ಮುಚ್ಚಳ ತೆಗೆದು ನೋಡಿ. ಒಂದು ತುಂಬಿ ಮುಂದಿನದು ಖಾಲಿಯಿದ್ದರೆ ನಡುವೆ ಕಸ ಸಿಕ್ಕಿದೆ. ಉದ್ದನೆಯ ಬಿದಿರು ದಬ್ಬೆ ತಳ್ಳಿದರೆ ಬಹಳಷ್ಟು ಸಲ ಬಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಎಲ್ಲವೂ ತುಂಬಿದ್ದವು. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕಾದ ಟ್ಯಾಂಕನ್ನು ಮನೆ ಕಟ್ಟಿ ಹದಿನಾಲ್ಕು ವರ್ಷವಾದರೂ ತೆರೆದಿರಲಿಲ್ಲ. ಮೇಲೆ ಮಳೆಗಾಲ, ನಾಲೆಯಲ್ಲೂ ನೀರು. ನೆಲವೇ ತಣಿದು ಕೂತಿರುವಾಗ ಇಂಗುಗುಂಡಿಯ ನೀರು ಎಲ್ಲಿಗೆ ಹೋಗಬೇಕು?

ಯಂತ್ರದ ಗಾಡಿಗೆ ಫೋನು ಮಾಡಿದರೆ ಎರಡು ದಿನ ಕಾಯಿರಿ ಎಂದರು. ಅಷ್ಟರಲ್ಲಿ ಹಗ್ಗ, ಬಕೆಟ್ಟು ಹಿಡಿದು ಒಬ್ಬ ಹುಡುಗ ಬಂದ. ಇಪ್ಪತ್ತು ದಾಟಿರಲಿಕ್ಕಿಲ್ಲ. ‘ಸಾವಿರ ಕೊಡಿ ಸಾರ್, ಇಳಿದು ತೆಗೀತೀನಿ.’ ಯಂತ್ರಕ್ಕಿಂತ ಅಗ್ಗ. ನನಗೆ ಲೆಕ್ಕ ಸರಿಹೋಯಿತು, ಹಾರೆ ತಂದುಕೊಟ್ಟೆ.

ಸೊಸೆ ಓಡಿ ಬಂದಳು. ‘ಮಾವ, ಇವನು ಒಳಗೆ ಬಿದ್ದರೆ ಎತ್ತೋಕೆ ನೀವು ಇಳೀತೀರಾ?’

ನಾನು ಉತ್ತರ ಕೊಡಲಿಲ್ಲ. ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗೇ ಸತ್ತುಹೋಗಿ ವಾಸನೆ ತಿಳಿಯುವುದಿಲ್ಲ. ಒಂದೆರಡು ಉಸಿರಿಗೆ ಮನುಷ್ಯ ಬೀಳಬಹುದು. ಎತ್ತಲು ಇಳಿದವನೂ ಬೀಳುತ್ತಾನೆ. ಮೀಥೇನೂ ಇರುವುದರಿಂದ ಹತ್ತಿರ ಬೆಂಕಿಕಡ್ಡಿ ಗೀರಬಾರದು, ಮಕ್ಕಳು ಬಗ್ಗಿ ನೋಡಬಾರದು. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಎಪ್ಪತ್ತರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದಾಗ ಬಿ.ಕಾಂ. ವಿದ್ಯಾರ್ಥಿಯಾಗಿದ್ದ ನಾನು ಚಪ್ಪಾಳೆ ತಟ್ಟಿದ್ದೆ. ಈಗ ಹಾರೆ ಕೊಟ್ಟವನೂ ನಾನೇ.

ಹುಡುಗ ‘ನನ್ನ ಕೂಲಿ?’ ಎಂದ. ಹಿತ್ತಲಿನ ಕಳೆ ಕೀಳಿಸಿ ಅಷ್ಟೇ ಹಣ ಕೊಟ್ಟೆ. ಎರಡು ದಿನ ಪಕ್ಕದ ಮನೆಯಲ್ಲಿ ಸ್ನಾನ. ಗಾಡಿ ಬಂದು ಗಂಟೆಯೊಳಗೆ ಹೀರಿಕೊಂಡಿತು. ಎಲ್ಲಿ ಸುರಿಯುತ್ತೀರಿ ಎಂದು ಕೇಳಿ, ಸಂಸ್ಕರಣಾ ಘಟಕಕ್ಕೆ ಎಂದ ಮೇಲೆ ದುಡ್ಡು ಕೊಟ್ಟೆ. ನಾಲೆಗೆ ಬಿಟ್ಟರೆ ಅದು ಯಾರದೋ ಗದ್ದೆಗೇ ಹೋಗುವುದು. ಚೇಂಬರಿನಲ್ಲಿ ಕೂದಲ ಉಂಡೆ, ಒದ್ದೆ ಟಿಶ್ಯೂ, ಪ್ಯಾಡು, ಒಂದು ಪ್ಲಾಸ್ಟಿಕ್ ಆನೆ ಸಿಕ್ಕವು. ಆನೆ ತನ್ನದಲ್ಲ ಎಂದು ಮೊಮ್ಮಗಳು ಇನ್ನೂ ವಾದಿಸುತ್ತಿದ್ದಾಳೆ. ಹಿತ್ತಲ ಗೋಡೆಯ ಮೇಲೆ ಮುಂದಿನ ಸಲದ ದಿನಾಂಕವನ್ನು ಬಣ್ಣದಲ್ಲಿ ಬರೆದವಳೂ ಅವಳೇ.