ಆಪ್ತ ಸಮಾಲೋಚಕಿ ಆಗ್ಬೇಕಾ? ಕಾಲೇಜಿಗೆ ಮೊದಲು ಈ ಪ್ರಶ್ನೆ ಕೇಳಿ

ಕಳೆದ ವಾರ ನಮ್ಮೂರು ಹುಲಿಯೂರುದುರ್ಗಕ್ಕೆ ಹೋಗಿದ್ದೆ. ಪಕ್ಕದ ಮನೆ ಹುಡುಗಿ ಪಿಯುಸಿ ಮುಗಿಸಿದ್ದಾಳೆ. ‘ಅಕ್ಕಾ, ಶಾಲೆ ಮಕ್ಕಳಿಗೆ ಕೌನ್ಸೆಲರ್ ಆಗ್ಬೇಕು, ಯಾವ ಕಾಲೇಜು ಸೇರ್ಲಿ?’ ಅಂದಳು. ಅವಳ ಗೆಳತಿ ಎಸ್ಸೆಸ್ಸೆಲ್ಸಿ ಫೇಲಾದ ಮೇಲೆ ಮನೆಯಿಂದ ಹೊರಗೇ ಬರಲಿಲ್ಲವಂತೆ. ‘ಪಕ್ಕದಲ್ಲಿ ಕೂತು ಕೇಳೋರು ಒಬ್ರೂ ಇರ್ಲಿಲ್ಲ’ ಅಂದಳು. ಅವರಪ್ಪನ ಕೈಯಲ್ಲಿ ಒಂದು ಪಾಂಪ್ಲೆಟ್ ಇತ್ತು: ಮನೆಯಲ್ಲೇ ಕೂತು ಆರು ತಿಂಗಳಲ್ಲಿ ಕೌನ್ಸೆಲಿಂಗ್ ಸರ್ಟಿಫಿಕೇಟ್. ಹಾಸ್ಟೆಲ್ ಖರ್ಚಿಲ್ಲ ಅನ್ನೋದು ಅವರ ಲೆಕ್ಕ. ಆವತ್ತು ಅವರಿಬ್ಬರಿಗೂ ಹೇಳಿದ್ದನ್ನೇ ಇವತ್ತು ನಿಮಗೂ ಹೇಳ್ತೀನಿ.

ಮೊದಲು ದಾರಿ ಯಾವುದು ಅಂತ ನೋಡೋಣ. ಮನೋವಿಜ್ಞಾನ ಒಂದು ವಿಷಯವಾಗಿರುವ ಬಿಎ ಅಥವಾ ಬಿಎಸ್ಸಿ ಬರೀ ಅಡಿಪಾಯ. ಅದರ ಮೇಲೆ ಮನೋವಿಜ್ಞಾನದಲ್ಲೋ ಆಪ್ತ ಸಮಾಲೋಚನೆಯಲ್ಲೋ ಎರಡು ವರ್ಷದ ಸ್ನಾತಕೋತ್ತರ ಪದವಿ ಬೇಕು. ಎಂಎಸ್‌ಡಬ್ಲ್ಯು ಇನ್ನೊಂದು ದಾರಿ. ಈಗಾಗಲೇ ಶಿಕ್ಷಕರಾಗಿರುವವರಿಗೆ ಎನ್‌ಸಿಇಆರ್‌ಟಿಯ ಒಂದು ವರ್ಷದ ಡಿಪ್ಲೊಮಾ ಇದೆ; ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಕೇಂದ್ರಗಳಲ್ಲೊಂದು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋದು ಬೇರೆಯೇ ಮಾತು, ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿ ಒಪ್ಪಿದ ಕೋರ್ಸೇ ಆಗಬೇಕು.

ದೂರಶಿಕ್ಷಣದಲ್ಲಿ ಓದಬಹುದಾ? 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನಕ್ಕೆ ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ಹೊಸಬರನ್ನು ಸೇರಿಸಿಕೊಳ್ಳಬಾರದು ಅಂತ ಯುಜಿಸಿ ಹೇಳಿದೆ. ಕಾರಣ ಸರಳ. ಈಜು ಪುಸ್ತಕದಿಂದ ಬರಲ್ಲ, ಅಳುತ್ತಿರುವ ಮಗುವಿನ ಎದುರು ಕೂರೋದೂ ಹಾಗೇ.

ಅದಕ್ಕೇ ಕಾಲೇಜಿನ ಕಟ್ಟಡ, ಹೆಸರು ನೋಡುವ ಮೊದಲು ಇಷ್ಟು ಕೇಳಿ. ನಿಜವಾದ ಮಕ್ಕಳ ಜತೆ ಎಷ್ಟು ಗಂಟೆ ಅಭ್ಯಾಸ ಮಾಡಿಸ್ತೀರಿ? ಯಾವ ಶಾಲೆ, ಯಾವ ಆಸ್ಪತ್ರೆಗೆ ಕಳಿಸ್ತೀರಿ? ನಾವು ಎಲ್ಲಿ ಎಡವಿದೆವು ಅಂತ ಪ್ರತಿ ವಾರ ಕೂತು ತಿದ್ದೋರು ಯಾರು? ಕೊನೆಯದು, ಆ ಅಭ್ಯಾಸ ಕನ್ನಡದಲ್ಲಿ ನಡೆಯುತ್ತಾ? ಪಾಠ ಇಂಗ್ಲಿಷಿನಲ್ಲಿರಲಿ, ಪರವಾಗಿಲ್ಲ. ಆದರೆ ಕುಣಿಗಲ್ ತಾಲ್ಲೂಕಿನ ಹುಡುಗ ‘ಡಿಪ್ರೆಶನ್’ ಅನ್ನಲ್ಲ, ‘ಯಾಕೋ ಏನೂ ಬೇಡ ಅನ್ಸುತ್ತೆ’ ಅಂತಾನೆ. ಆ ಮಾತು ಕಿವಿಗೆ ಬೀಳಬೇಕು.

ನಮ್ಮೂರಿಂದ ಕುಣಿಗಲ್ ಕಡೆ ಹೋದರೆ ತುಮಕೂರು, ಬೆಂಗಳೂರು; ಮದ್ದೂರು ಕಡೆ ಹೋದರೆ ಮೈಸೂರು. ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ 1924ರಷ್ಟು ಹಳೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಅಲ್ಲಿ ರೇಡಿಯೊ ಕೇಂದ್ರ ಶುರು ಮಾಡಿದ್ದು. ಆದರೂ ಹಳೇ ಹೆಸರು ಅಂತ ಸುಮ್ಮನಾಗಬೇಡಿ. ಅಲ್ಲೂ ಇದೇ ಪ್ರಶ್ನೆ ಕೇಳಿ.

‘ಕೆಲಸ ಸಿಗುತ್ತಾ?’ ಅಂದರು ಅವರಪ್ಪ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಾದ ಸಮಾಲೋಚಕರು, ಮನೋವಿಜ್ಞಾನಿ ಇಲ್ಲವೇ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕು ಅಂತ ಮಾರ್ಗಸೂಚಿ ಕೊಟ್ಟಿದೆ. ಅದು ನಾಳೆಯೇ ಕೆಲಸ ಕೊಡಲ್ಲ. ಆದರೆ ಬೇಕಾಗಿರೋದು ತರಬೇತಾದವರು ಅನ್ನೋದಂತೂ ಅದರಲ್ಲಿ ಸ್ಪಷ್ಟ. ಖರ್ಚಿನ ಮಾತಿಗೆ, ಸರ್ಕಾರಿ ಹಾಸ್ಟೆಲ್ ಇದೆ, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು.

ಅವರು ಏನೂ ಹೇಳಲಿಲ್ಲ. ಹೊರಡುವಾಗ ನೋಡ್ತೀನಿ, ಪಾಂಪ್ಲೆಟ್‌ನ ಹಿಂಭಾಗದಲ್ಲಿ ನಾಲ್ಕೂ ಪ್ರಶ್ನೆ ಬರೆದುಕೊಂಡಿದ್ದರು.

ಕೇಳ್ತಿರೋರಲ್ಲಿ ಯಾರಿಗಾದರೂ ಈಗಲೇ ಮನಸ್ಸು ಬಿಚ್ಚಿ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಂಖ್ಯೆ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.